ಸುಳ್ಳಿನ ಖಾತೆ: ಹದಿಹರೆಯದವರ ಕಾದಂಬರಿ ಬರೆಯುವವರಿಗೆ

ಹದಿನಾರು ಹದಿನೇಳರ ಮಕ್ಕಳು ಓದಲೆಂದು ಬರೆಯುವ ಕಾದಂಬರಿಯಲ್ಲಿ ಸುಳ್ಳು ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ಮೊದಲ ಅಧ್ಯಾಯದಲ್ಲಿ ಅಮ್ಮನಿಗೆ ಹೇಳಿದ ಒಂದೇ ಮಾತು ಎಂಟನೆಯದರ ಹೊತ್ತಿಗೆ ಹತ್ತು ಮರಿ ಹಾಕಿರುತ್ತದೆ. ಅದರಲ್ಲಿ ನಾಲ್ಕನ್ನು ಬರೆದವರೇ ಮರೆತಿರುತ್ತಾರೆ. ಓದುವ ಹುಡುಗಿ ಮರೆಯುವುದಿಲ್ಲ. ಈ ವಿದ್ಯೆಯಲ್ಲಿ ಅವಳು ನಮಗಿಂತ ಪಳಗಿದವಳು.

ಹಾಗಾಗಿ ಅಧ್ಯಾಯಕ್ಕೆ ಕೈ ಹಾಕುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಸುಳ್ಳಿನ ಖಾತೆ ತೆರೆಯಿರಿ. ಐದು ಕಾಲಂ ಸಾಕು: ಹೇಳಿದ್ದೇನು, ನಡೆದದ್ದೇನು, ಯಾರಿಗೆ ಹೇಳಿದ್ದು, ನಿಜ ಇನ್ಯಾರಿಗೆ ಗೊತ್ತು, ಕುರುಹು ಎಲ್ಲಿ ಉಳಿದಿದೆ. ಐದನೆಯದು ಖಾಲಿ ಬಿದ್ದರೆ ಆ ಸುಳ್ಳಿನಿಂದ ಕಥೆಗೆ ಉಪಯೋಗವಿಲ್ಲ.

ಮೈಸೂರಿನ ಕುವೆಂಪುನಗರದ ಚೈತ್ರಾ, ದ್ವಿತೀಯ ಪಿಯು ಎಂದಿಟ್ಟುಕೊಳ್ಳಿ. ಟ್ಯೂಷನ್ ಫೀಸಿಗೆ ಅಪ್ಪ ಕೊಟ್ಟ 4,000 ರೂಪಾಯಿಯನ್ನು ಗೆಳತಿ ಪಲ್ಲವಿಗೆ ಕೊಟ್ಟಿದ್ದಾಳೆ. ‘ಮುಂದಿನ ವಾರ ಕೊಡ್ತೀನಿ ಕಣೇ’ ಎಂದವಳು ಕೊಟ್ಟಿಲ್ಲ. ಈಗ ಚೈತ್ರಾ ದಿನಾ ಸಂಜೆ ಸರಸ್ವತೀಪುರಂನ ಟ್ಯೂಷನ್ನಿಗೆಂದು ಹೊರಟು, ಬನ್ನಿಮಂಟಪದ ಕಡೆ ಇನ್ನೊಬ್ಬ ಗೆಳತಿಯ ಮನೆಯಲ್ಲಿ ಕೂತು ಬರುತ್ತಾಳೆ. ಟ್ಯೂಷನ್ನನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಾಲೇಜಿಗೆ ಚಕ್ಕರ್ ಹೊಡೆದರೆ ಶೇ. 75ರ ಹಾಜರಾತಿ ಲೆಕ್ಕ ಬಂದು ಕಥೆಯನ್ನು ಬೇಗ ಮುಗಿಸಿಬಿಡುತ್ತದೆ.

ಇನ್ನು ಕುರುಹು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹುಡುಗಿಯರ ಬಸ್ ಚಾರ್ಜಿನ ಲೆಕ್ಕವನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಕಂಡಕ್ಟರ್ ಹರಿದುಕೊಡುವ ಶೂನ್ಯ ದರದ ಟಿಕೆಟಿನ ಮೇಲೆ ತಾರೀಕು, ಹೊತ್ತು, ಹತ್ತಿದ್ದೆಲ್ಲಿ, ಇಳಿಯುವುದೆಲ್ಲಿ ಎಲ್ಲ ಅಚ್ಚಾಗಿರುತ್ತದೆ. ಬಟ್ಟೆ ನೆನೆಹಾಕುವ ಮುಂಚೆ ಅಮ್ಮ ಜೇಬು ತಡಕುತ್ತಾಳೆ. ದುಡ್ಡನ್ನು ಅಪ್ಪನ ನಂಬರಿಗೆ ಜೋಡಿಸಿದ ಖಾತೆಯಿಂದ ಫೋನ್‌ಪೇ ಮಾಡಿದ್ದರೆ ಬ್ಯಾಂಕಿನ ಎಸ್ಸೆಮ್ಮೆಸ್ ಅಪ್ಪನಿಗೇ ಹೋಗುತ್ತದೆ; ಆದ್ದರಿಂದ ನಗದೇ ಕೊಡಿಸಿ. ವಾಟ್ಸಾಪಿನಲ್ಲಿ ನೀಲಿ ಟಿಕ್ ಆಫ್ ಮಾಡಿದರೂ ಗ್ರೂಪಿನಲ್ಲಿ ಯಾರು ಓದಿದರೆಂಬುದು ಕಾಣುತ್ತದೆ, ವಾಯ್ಸ್ ಮೆಸೇಜ್ ಕೇಳಿದ್ದೂ ಗೊತ್ತಾಗುತ್ತದೆ. ಎಲ್ಲರಿಗೂ ಕಾಣದಂತೆ ಮೆಸೇಜ್ ಅಳಿಸಿದರೆ, ಅಳಿಸಿದ್ದಾರೆ ಎಂಬ ಸಾಲು ಅಲ್ಲೇ ಕೂತಿರುತ್ತದೆ. ಬಹಳ ಹಸ್ತಪ್ರತಿಗಳಲ್ಲಿ ಗುಟ್ಟು ರಟ್ಟಾಗುವುದು ಬಾಗಿಲ ಮರೆಯಲ್ಲಿ ಯಾರೋ ಕೇಳಿಸಿಕೊಂಡಿದ್ದರಿಂದ. ಅದು ಧಾರಾವಾಹಿಗೆ ಸರಿ. ಇಲ್ಲಿ ಸಾಕ್ಷಿ ಜೇಬಿನಲ್ಲಿ ಸಿಗಬೇಕು.

ಚೈತ್ರಾಳೇ ಕಥೆ ಹೇಳುತ್ತಿದ್ದರೆ ಓದುಗರಿಗೂ ಸುಳ್ಳು ಹೇಳಬಹುದೇ? ಮುಚ್ಚಿಡಬಹುದು, ಆದರೆ ‘ಟ್ಯೂಷನ್ನಿನಲ್ಲಿ ಕೂತಿದ್ದೆ’ ಎಂದು ಬರೆದರೆ ಅದು ಮೋಸ. ಆಮೇಲೆ ಓದುಗರು ನಿಮ್ಮ ಯಾವ ಸಾಲನ್ನೂ ನಂಬುವುದಿಲ್ಲ. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ, ‘ಅಂತ’. ನೋಡಿ:

‘ಐದೂವರೆಗೆ ಟ್ಯೂಷನ್ ಅಂತ ಹೊರಟೆ. ಅಮ್ಮ ಕೊಡೆ ಕೊಟ್ಟಳು. ಏಳೂಕಾಲಿಗೆ ಬಂದಾಗ ಅಪ್ಪ ತಲೆ ಒರೆಸಿಕೊಳ್ಳುತ್ತಿದ್ದರು. ಸರಸ್ವತೀಪುರಂ ಕಡೆ ಸಿಕ್ಕಾಪಟ್ಟೆ ಮಳೆ ಅಂದರು. ಕೊಡೆಯನ್ನು ಮೊಳೆಗೆ ಸಿಕ್ಕಿಸಿದೆ. ಒಂದು ಹನಿಯೂ ತೊಟ್ಟಿಕ್ಕಲಿಲ್ಲ.’

ಮೊದಲ ಓದಿಗೆ ‘ಅಂತ’ ಹೊರಟ ಉದ್ದೇಶ, ಎರಡನೆಯದಕ್ಕೆ ನೆಪ. ಒಂದು ಅಕ್ಷರವೂ ಸುಳ್ಳಲ್ಲ. ಕೊಡೆ ಒಣಗಿದೆಯೆಂದು ವಿವರಿಸಲು ಇನ್ನೊಂದು ಸಾಲು ಸೇರಿಸುವ ಆಸೆಯಾಗುತ್ತದೆ, ಸೇರಿಸಬೇಡಿ.

ಅದರ ತಂಗಿ ‘ಅಂತೆ’. ‘ಪಲ್ಲವಿಯ ಅಪ್ಪನಿಗೆ ಹುಷಾರಿಲ್ಲವಂತೆ’ ಎನ್ನುವವರೆಗೆ ಚೈತ್ರಾ ಇನ್ನೂ ಹೊಣೆ ಹೊತ್ತಿಲ್ಲ. ಹತ್ತು ಪುಟ ಕಳೆದ ಮೇಲೆ ಅವಳು ಬೇರೆಯವರಿಗೆ ‘ಪಲ್ಲವಿ ಅಪ್ಪಂಗೆ ಹುಷಾರಿಲ್ಲ’ ಎಂದಳೋ, ನಂಬಿಕೆ ಕೂತಿತೆಂದು ಅರ್ಥ. ‘ನಾನು ಅವಳನ್ನು ಪೂರ್ತಿ ನಂಬಿದ್ದೆ’ ಎಂದು ಎಲ್ಲೂ ಬರೆಯಬೇಕಾಗಿಲ್ಲ. ಪಲ್ಲವಿ ಹೇಳಿದ್ದು ಹಸಿ ಸುಳ್ಳೆಂದು ತಿಳಿದ ದಿನ ‘ಅಂತೆ’ ವಾಪಸ್ ಬರುತ್ತದೆ, ಈ ಸಲ ವ್ಯಂಗ್ಯವಾಗಿ.

ಸಂಬೋಧನೆಯಲ್ಲೂ ಇಂಥದ್ದೇ ಕೆಲಸ ಮಾಡಿಸಬಹುದು. ‘ಪುಟ್ಟಿ’ ಎನ್ನುತ್ತಿದ್ದ ಅಪ್ಪ ಟಿಕೆಟನ್ನು ಮೇಜಿನ ಮೇಲಿಟ್ಟು ‘ಏನಮ್ಮಾ, ಎಲ್ಲಿಗೆ ಹೋಗಿದ್ರಿ?’ ಎಂದರೆ ಸಾಕು. ಮಗಳಿಗೆ ಬಹುವಚನ ಬಂತೆಂದರೆ ಮನೆಯಲ್ಲಿ ಏನಾಗಿದೆಯೆಂದು ನಮ್ಮ ಓದುಗರಿಗೆ ಬೇರೆ ಹೇಳಬೇಕಿಲ್ಲ. ಕೆನ್ನೆಗೆ ಬಾರಿಸುವ ದೃಶ್ಯ ಇದರ ಮುಂದೆ ಸಪ್ಪೆ.

ಅಳತೆ: 35ರಿಂದ 40 ಸಾವಿರ ಪದದೊಳಗೆ ಮುಗಿಸಿ. ಕನ್ನಡದ ಒಂದೊಂದು ಪದವೂ ವಿಭಕ್ತಿ, ಪ್ರತ್ಯಯ ಹೊತ್ತು ಉದ್ದವಾಗಿರುವುದರಿಂದ ಪುಸ್ತಕ ತೆಳುವೇನೂ ಆಗದು. ಟಿಕೆಟ್ ಸಿಗುವುದು ಅರ್ಧ ದಾಟಿದ ಮೇಲೆ, ಆದರೆ ಮುಕ್ಕಾಲಿಗಿಂತ ಮುಂಚೆ. ಕೊನೆಯ ಅಧ್ಯಾಯಕ್ಕೆ ಉಳಿಸಿಕೊಂಡರೆ ನಂಬಿಕೆ ಮತ್ತೆ ಕೂಡಲು ಜಾಗವೇ ಇರುವುದಿಲ್ಲ, ಒಂದು ಅಪ್ಪುಗೆ, ಎರಡು ಹನಿ ಕಣ್ಣೀರಿನಲ್ಲಿ ಮುಗಿಸಬೇಕಾಗುತ್ತದೆ. ಹೋದ ನಂಬಿಕೆ ಕ್ಷಮಾಪಣೆಯಿಂದ ಬರುವುದಿಲ್ಲ. ಮುಂದಿನ ತಿಂಗಳು ಅಪ್ಪ ತಾವೇ ಹೋಗಿ ಫೀಸು ಕಟ್ಟಿ ರಸೀದಿಯನ್ನು ಟಿವಿಯ ಪಕ್ಕ ಇಡಲಿ. ಅದರ ಮುಂದಿನ ತಿಂಗಳೂ ಹಾಗೇ. ಮೂರನೆಯ ತಿಂಗಳು ದುಡ್ಡನ್ನು ಚೈತ್ರಾಳ ಕೈಗೆ ಕೊಡಲಿ, ಎಣಿಸಿಯೇ ಕೊಡಲಿ. ಈ ಮೂರು ದೃಶ್ಯಗಳಲ್ಲಿ ಟ್ಯೂಷನ್ನಿನ ಮಾತು ಯಾರ ಬಾಯಲ್ಲೂ ಬರಬಾರದು. ಪಲ್ಲವಿಯ ಜತೆ ರಾಜಿಯಾಗಲೇಬೇಕೆಂದೇನಿಲ್ಲ.

ಬರೆದು ಮುಗಿದ ಮೇಲೆ ಇದೇ ವಯಸ್ಸಿನ ಮೂವರಿಗೆ ಪ್ರಿಂಟು ತೆಗೆದು ಕೊಡಿ. ಹೇಗಿದೆ ಎಂದು ಕೇಳಬೇಡಿ, ‘ಚೆನ್ನಾಗಿದೆ ಆಂಟಿ’ ಎಂದುಬಿಡುತ್ತಾರೆ. ಚೈತ್ರಾ ಟ್ಯೂಷನ್ನಿಗೆ ಹೋಗುತ್ತಿಲ್ಲವೆಂದು ಅನುಮಾನ ಬಂದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಲು ಹೇಳಿ. ಗೆರೆ ಕೊಡೆಯ ಹತ್ತಿರ ಬಿದ್ದರೆ ಸರಿಯಾಗಿದೆ. ಅದಕ್ಕೂ ಮುಂಚೆಯೇ ಮೂವರೂ ಎಳೆದಿದ್ದರೆ ‘ಅಂತ’ಗಳು ಜಾಸ್ತಿಯಾಗಿವೆ, ಎರಡನ್ನು ತೆಗೆಯಿರಿ. ಟಿಕೆಟ್ ಸಿಗುವವರೆಗೂ ಯಾರೂ ಎಳೆಯದಿದ್ದರೆ ಮಳೆಯನ್ನು ಇನ್ನೊಂದು ಸಂಜೆಯೂ ಸುರಿಸಬೇಕು.