ಸರಾಸರಿ ವ್ಯಾಟ್ ಹೇಳದೆ ಬಿಟ್ಟದ್ದು

ಈಜು, ಸೈಕಲ್, ಓಟ ಒಂದರ ಹಿಂದೊಂದು ಬರುವ, ಪೂರ್ಣ ದೂರದ ನನ್ನ ಮೊದಲ ಟ್ರಯಥ್ಲಾನ್‌ನಲ್ಲಿ 180 ಕಿಲೋಮೀಟರ್ ತುಳಿದು ಸೈಕಲ್ಲಿನಿಂದ ಇಳಿದಾಗ ಸೈಕಲ್ ಕಂಪ್ಯೂಟರಿನ ಪರದೆಯ ಮೇಲೆ ಸರಾಸರಿ ಪವರ್ 150 ವ್ಯಾಟ್ ಎಂದು ಕಾಣುತ್ತಿತ್ತು. ಆಗ ನನ್ನ ಎಫ್‌ಟಿಪಿ, ಅಂದರೆ ಹೆಚ್ಚುಕಡಿಮೆ ಒಂದು ಗಂಟೆ ಕಾಲ ಎಡೆಬಿಡದೆ ಹಿಡಿದಿಡಬಲ್ಲ ಪವರ್, 220 ವ್ಯಾಟ್ ಇತ್ತು. 150 ಎಂದರೆ ಅದರ ಶೇಕಡ 68; ಈ ದೂರಕ್ಕೆ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿಯ ಒಳಗೇ ಇದ್ದೆನೆಂದು ಸಮಾಧಾನಪಟ್ಟುಕೊಂಡು ಓಟಕ್ಕೆ ಹೊರಟೆ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ತೊಡೆಯ ಮುಂಭಾಗ ಕಲ್ಲಿನಂತೆ ಬಿಗಿಯಿತು. ಮ್ಯಾರಥಾನಿನ ಉಳಿದ ಭಾಗವನ್ನು ಬಹುಪಾಲು ನಡೆದೇ ಮುಗಿಸಿದೆ.

ಮರುದಿನ ಸವಾರಿಯ ದಾಖಲೆಯನ್ನು ತೆರೆದು ನೋಡಿದಾಗ ನಾರ್ಮಲೈಸ್ಡ್ ಪವರ್, ಅಂದರೆ ಜೋರಾಗಿ ತುಳಿದ ಹೊತ್ತಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕಿದ ಪವರ್, 172 ವ್ಯಾಟ್ ಇತ್ತು, ಅಂದರೆ ಎಫ್‌ಟಿಪಿಯ ಶೇಕಡ 78. ಸರಾಸರಿಗೂ ಇದಕ್ಕೂ ಏಕೆ ಇಷ್ಟು ಅಂತರ ಎಂಬುದನ್ನು ಅರ್ಥಮಾಡಿಕೊಳ್ಳಲು ಒಂದು ಸುಲಭ ಲೆಕ್ಕ ಸಾಕು. ಅರ್ಧ ಗಂಟೆ 200 ವ್ಯಾಟ್, ಇನ್ನರ್ಧ ಗಂಟೆ 100 ವ್ಯಾಟ್ ತುಳಿದರೆ ಸರಾಸರಿ 150 ಬರುತ್ತದೆ. ಆದರೆ ನಾರ್ಮಲೈಸ್ಡ್ ಪವರ್ 30 ಸೆಕೆಂಡುಗಳ ಚಲಿಸುವ ಸರಾಸರಿಯನ್ನು ನಾಲ್ಕನೆಯ ಘಾತಕ್ಕೆ ಏರಿಸಿ ಲೆಕ್ಕ ಹಾಕುವುದರಿಂದ ಅದೇ ಸವಾರಿಗೆ ಸುಮಾರು 171 ತೋರಿಸುತ್ತದೆ. ಹೆಚ್ಚು ತುಳಿದ ಅರ್ಧ ಗಂಟೆ ದೇಹದಿಂದ ಕಿತ್ತುಕೊಂಡದ್ದನ್ನು ಕಡಿಮೆ ತುಳಿದ ಅರ್ಧ ಗಂಟೆ ಹಿಂದಿರುಗಿಸುವುದಿಲ್ಲ ಎಂಬುದೇ ಆ ಲೆಕ್ಕದ ತಿರುಳು. ನಾನು ಪ್ರತಿ ಏರಿನಲ್ಲೂ 230, 240 ವ್ಯಾಟ್ ಮುಟ್ಟಿ, ಇಳಿಜಾರಿನಲ್ಲಿ ಕಾಲು ನಿಲ್ಲಿಸಿ, ಆ ಸೊನ್ನೆಗಳಿಂದ ಸರಾಸರಿಯನ್ನು ಸಭ್ಯವಾಗಿ ಕಾಣಿಸಿದ್ದೆ.

ಆತುರವೇ ಕಾರಣ ಎಂದು ಮೊದಲು ನನ್ನನ್ನೇ ಬೈದುಕೊಂಡೆ. ಆದರೆ ಕೇಡೆನ್ಸ್‌ನ, ಅಂದರೆ ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದರ, ಗೆರೆಯನ್ನು ಪವರ್‌ನ ಗೆರೆಯ ಕೆಳಗೆ ಇಟ್ಟು ನೋಡಿದಾಗ ಬೇರೆಯೇ ಸಂಗತಿ ಹೊರಬಂತು: ಅರ್ಧ ತಪ್ಪು ಗೇರಿನದಾಗಿತ್ತು. ನನ್ನ ಅತಿ ಹಗುರ ಗೇರ್ ಎಂದರೆ ಮುಂದೆ 39 ಹಲ್ಲು, ಹಿಂದೆ 25 ಹಲ್ಲು. ಶೇಕಡ 6ರ ಏರಿನಲ್ಲಿ 160 ವ್ಯಾಟ್ ತುಳಿದರೆ ನನ್ನ ತೂಕಕ್ಕೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗ ಸಿಗುತ್ತದೆ. ಆ ವೇಗದಲ್ಲಿ ಈ ಗೇರ್ ನಿಮಿಷಕ್ಕೆ 56 ಸುತ್ತು ಮಾತ್ರ ತಿರುಗುತ್ತದೆ. ಅಷ್ಟು ನಿಧಾನವಾಗಿ ಪೆಡಲನ್ನು ಒತ್ತುವುದು ಕಾಲಿಗೆ ಹಿತವಲ್ಲದ್ದರಿಂದ ನನಗೆ ಅರಿವಿಲ್ಲದೆಯೇ 75 ಸುತ್ತಿನವರೆಗೆ ಏರಿಸುತ್ತಿದ್ದೆ, ಆ 75 ಸುತ್ತಿಗೆ ಬೇಕಾದ ಪವರ್ ಹೆಚ್ಚುಕಡಿಮೆ ನನ್ನ ಎಫ್‌ಟಿಪಿಯಷ್ಟೇ ಆಗುತ್ತಿತ್ತು. ನಿಧಾನವಾಗಿ ಹತ್ತಲು ಮನಸ್ಸಿದ್ದರೂ ಗೇರ್ ಬಿಡುತ್ತಿರಲಿಲ್ಲ. ಮುಂದೆ 34, ಹಿಂದೆ 32 ಹಲ್ಲು ಹಾಕಿಸಿಕೊಂಡ ಮೇಲೆ ಅದೇ ಏರಿನಲ್ಲಿ ಅದೇ 160 ವ್ಯಾಟ್‌ಗೆ 82 ಸುತ್ತು ಸಿಕ್ಕಿತು. ಪವರ್ ಒಂದೇ ಆದರೂ ಪ್ರತಿ ಸುತ್ತಿನಲ್ಲಿ ಪೆಡಲಿಗೆ ಹಾಕಬೇಕಾದ ಬಲ ಮೂರರಲ್ಲಿ ಎರಡು ಭಾಗಕ್ಕೆ ಇಳಿಯಿತು. ಇಷ್ಟು ಹಗುರ ಗೇರನ್ನು ದುರ್ಬಲರ ಗೇರ್ ಎಂದು ನಾನೇ ಹಿಂದೆ ಗೇಲಿ ಮಾಡಿದ್ದೆ ಎನ್ನುವುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹಾಗಾದರೆ ಸರಿಯಾದ ಕೇಡೆನ್ಸ್ ಎಷ್ಟು? ವೃತ್ತಿಪರರು 90 ಎನ್ನುತ್ತಾರೆ ಎಂದು ಅದನ್ನೇ ಹಿಡಿಯಲು ಕೆಲವು ವಾರ ಹೆಣಗಾಡಿದೆ. ಕೊನೆಗೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಇಂಡೋರ್ ಟ್ರೈನರ್ ಮೇಲೆ 155 ವ್ಯಾಟ್‌ಗೆ ಕಟ್ಟಿಟ್ಟು 65, 75, 85, 95 ಸುತ್ತುಗಳಲ್ಲಿ ತಲಾ 40 ನಿಮಿಷ ತುಳಿದು, ಪ್ರತಿ ಸಲವೂ ಇಳಿದ ಕೂಡಲೇ 20 ನಿಮಿಷ ಓಡಿ ನೋಡಿದೆ. ಹೊತ್ತು ಕಳೆದಂತೆ ಹೃದಯ ಬಡಿತ ತಾನಾಗಿಯೇ ಮೇಲೇರುವುದರಿಂದ ಒಂದೇ ದಿನ ನಾಲ್ಕನ್ನೂ ಹೋಲಿಸಿದರೆ ಮೋಸ ಹೋಗುತ್ತೇವೆ. ಆದ್ದರಿಂದ ನಾಲ್ಕು ಬೇರೆ ಬೇರೆ ದಿನಗಳಲ್ಲಿ ಮಾಡಿದೆ. 65ರಲ್ಲಿ ಬಡಿತ ಎಲ್ಲಕ್ಕಿಂತ ಕಡಿಮೆ, 127. ಆದರೆ ಓಡಲು ಹೊರಟಾಗ ತೊಡೆ ಮೊದಲ ಹೆಜ್ಜೆಯಿಂದಲೇ ಭಾರ. 95ರಲ್ಲಿ ಕಾಲು ಹಗುರವಾಗಿತ್ತು, ಬಡಿತ ಮಾತ್ರ 137. ನಿಧಾನವಾಗಿ ತುಳಿದಾಗ ಪ್ರತಿ ಒತ್ತಿಗೂ ಹೆಚ್ಚು ಬಲ ಬೇಕಾಗಿ, ಬೇಗ ದಣಿಯುವ ಸ್ನಾಯುತಂತುಗಳೂ ಕೆಲಸಕ್ಕೆ ಇಳಿದು ಗ್ಲೈಕೋಜೆನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಇಂಧನ, ವೇಗವಾಗಿ ಖರ್ಚಾಗುತ್ತದೆ. ತೀರ ವೇಗವಾಗಿ ತಿರುಗಿಸಿದರೆ ಕಾಲನ್ನು ಸುಮ್ಮನೆ ಸುತ್ತಿಸುವುದಕ್ಕೇ ಆಮ್ಲಜನಕ ವ್ಯಯವಾಗುತ್ತದೆ. ನನಗೆ 80ರಿಂದ 86 ಒಗ್ಗಿತು. ಉದ್ದ ಕಾಲಿನ, ಬಲಿಷ್ಠ ತೊಡೆಯ ಇನ್ನೊಬ್ಬರಿಗೆ 75 ಒಗ್ಗಿದರೆ ಆಶ್ಚರ್ಯವಿಲ್ಲ.

ಮುಂದಿನ ವರ್ಷ ಅದೇ ಮಾರ್ಗಕ್ಕೆ ಹೋಗುವ ಹೊತ್ತಿಗೆ ಎಫ್‌ಟಿಪಿ 225ಕ್ಕೆ ಬಂದಿತ್ತು, ಹೇಳಿಕೊಳ್ಳುವಂಥ ಏರಿಕೆಯೇನಲ್ಲ. ಬದಲಾದದ್ದು ಲೆಕ್ಕಾಚಾರ: ಸಮತಟ್ಟು ರಸ್ತೆಯಲ್ಲಿ 150ರಿಂದ 155 ವ್ಯಾಟ್, ಏರಿನಲ್ಲಿ ಏನೇ ಆದರೂ 180 ದಾಟುವಂತಿಲ್ಲ, ಇಳಿಜಾರಿನಲ್ಲಿ ವೇಗ 45 ಕಿಲೋಮೀಟರ್ ದಾಟಿದರೆ ಮೈ ಬಾಗಿಸಿ ಕಾಲಿಗೆ ವಿಶ್ರಾಂತಿ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾಗುವ ಪವರ್ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಅಲ್ಲಿ ತುಳಿದು ಗಳಿಸುವ ಸೆಕೆಂಡುಗಳು ದುಬಾರಿ. ಏರಿನಲ್ಲಿ ವೇಗ ಕಡಿಮೆಯಿರುವುದರಿಂದ ಸ್ವಲ್ಪ ಹೆಚ್ಚು ಕೊಟ್ಟರೆ ಅದಕ್ಕೆ ತಕ್ಕ ಪ್ರತಿಫಲವಿದೆ. ಪರದೆಯಲ್ಲಿ 3 ಸೆಕೆಂಡಿನ ಪವರ್ ಬದಲು 10 ಸೆಕೆಂಡಿನದನ್ನು ಇಟ್ಟುಕೊಂಡೆ, ಏಕೆಂದರೆ ಕುಣಿಯುವ ಅಂಕಿಯ ಹಿಂದೆ ಕಾಲೂ ಕುಣಿಯುತ್ತದೆ. ಹೊರಡುವ ಮುನ್ನ ಪವರ್ ಮೀಟರನ್ನು ಸೊನ್ನೆಗೆ ಹೊಂದಿಸುವುದನ್ನು ಮರೆಯಲಿಲ್ಲ. ತಾಪಮಾನ ಬದಲಾದರೆ ಅದು ತಪ್ಪು ತೋರಿಸುವುದುಂಟು. ಆಹಾರ ಹಿಂದಿನಂತೆಯೇ, ಗಂಟೆಗೆ 65 ಗ್ರಾಂ ಕಾರ್ಬೋಹೈಡ್ರೇಟ್.

ಕಷ್ಟವಾದದ್ದು ಮೊದಲ ಏರು. ಈಜಿ ಬಂದ ಬಡಿತ ಇನ್ನೂ ಇಳಿದಿರಲಿಲ್ಲ, ಮೈಯಲ್ಲಿ ಉತ್ಸಾಹ ತುಂಬಿತ್ತು. ಅಕ್ಕಪಕ್ಕದಿಂದ ಹನ್ನೊಂದು ಮಂದಿ ನಿಂತು ತುಳಿಯುತ್ತ ನನ್ನನ್ನು ದಾಟಿದರು. ಎಣಿಸುವುದನ್ನು ಅಲ್ಲಿಗೆ ನಿಲ್ಲಿಸಿದೆ. ಪರದೆ 178, ಕೇಡೆನ್ಸ್ 81. ಹಿಂದಿನ ವರ್ಷ ಇದೇ ತಿರುವಿನಲ್ಲಿ 243 ಇತ್ತು.

ಸವಾರಿ ಮುಗಿದಾಗ ಸರಾಸರಿ ಮತ್ತೆ ಅದೇ 150 ವ್ಯಾಟ್, ನಾರ್ಮಲೈಸ್ಡ್ ಪವರ್ 155. ಹಿಂದಿನ ವರ್ಷಕ್ಕಿಂತ ನಾಲ್ಕು ನಿಮಿಷ ತಡ. ಆ ನಾಲ್ಕು ನಿಮಿಷ ಓಟದ ಹದಿನಾರನೆಯ ಕಿಲೋಮೀಟರಿಗೆ ಮೊದಲೇ ಹಿಂದಿರುಗಿತು. 34ನೆಯ ಕಿಲೋಮೀಟರಿನ ನಂತರ ವೇಗ ಕುಗ್ಗಿತು, ಆದರೆ ಈ ಸಲ ಹೊಟ್ಟೆ ತೊಳಸಿದ್ದು ಕಾರಣ, ತೊಡೆಯಲ್ಲ.