ಬೇಬಿ ಸಿಟ್ಟಿಂಗ್ ಹುಡುಕ್ತಿದ್ದೀರಾ? ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನ ಓದಿ

ಹೆರಿಗೆ ರಜೆ ಮುಗಿಯಲು ಹದಿನೈದೇ ದಿನ ಇರುವಾಗ ನಾನು ಬೇಬಿ ಸಿಟ್ಟಿಂಗ್ ಹುಡುಕಲು ಹೊರಟೆ. ನೀವು ಹಾಗೆ ಮಾಡಬೇಡಿ. ಎರಡು ತಿಂಗಳು ಮುಂಚೆಯೇ ಶುರು ಮಾಡಿ, ಇಲ್ಲದಿದ್ದರೆ ಅವಸರಕ್ಕೆ ಬಿದ್ದು ಮೊದಲು ಸಿಕ್ಕಿದ ಕಡೆಯೇ ದುಡ್ಡು ಕಟ್ಟಿ ಬರುತ್ತೀರಿ.

ಮೊದಲು ಕೇಳಬೇಕಾಗಿರುವುದು ನೀವು ಕೆಲಸ ಮಾಡುವ ಜಾಗದಲ್ಲೇ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಆ 50ರಲ್ಲಿ ಗಂಡಸರೂ ಸೇರುತ್ತಾರೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ನಮ್ಮ ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಫ್ಯಾಕ್ಟರಿ ಆಗಲಿ, ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್ ಆಗಲಿ, ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಯಾರೂ ಮಗು ಕರ್ಕೊಂಡು ಬರಲ್ಲಮ್ಮ, ಅದಕ್ಕೇ ಮಾಡಿಲ್ಲ." ಒಬ್ಬರೇ ಹೋಗಬೇಡಿ. ನಾಲ್ಕೈದು ತಾಯಂದಿರು ಸೇರಿ ಒಂದು ಅರ್ಜಿ ಬರೆದು ಎಚ್‌ಆರ್‌ಗೆ ಕೊಡಿ, ನಿಮ್ಮ ಕಾಪಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಾಳೆ ಕಾರ್ಮಿಕ ಇಲಾಖೆಗೆ ಹೋಗಬೇಕಾಗಿ ಬಂದರೆ ಆ ಸೀಲೇ ನಿಮ್ಮ ಸಾಕ್ಷಿ.

ಹಳ್ಳಿಯಲ್ಲಿದ್ದರೆ ಪಂಚಾಯಿತಿಗೆ ಹೋಗಿ ಪಿಡಿಒ ಹತ್ತಿರ 'ಕೂಸಿನ ಮನೆ', ಅಂದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ, ಇದೆಯಾ ಅಂತ ವಿಚಾರಿಸಿ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಹೇಳಿದ ಯೋಜನೆ ಇದು. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗೆ, ಹಾಗಾಗಿ ಜಾಬ್ ಕಾರ್ಡ್ ಇದ್ದರೆ ಜೊತೆಗೆ ಹಿಡಿದುಕೊಂಡು ಹೋಗಿ. ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದ್ದೇ ಇದೆ, ಊಟಕ್ಕೂ ದುಡ್ಡಿಲ್ಲ.

ಕಷ್ಟ ಇರುವುದು ಟೈಮಿನಲ್ಲಿ. ಮದ್ದೂರಿನ ಕಡೆ ಇರುವ ನನ್ನ ನಾದಿನಿಗೆ ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆ ಏಳೂವರೆಗೆ ಬಂದುಬಿಡುತ್ತದೆ, ಅಷ್ಟು ಹೊತ್ತಿಗೆ ಅಂಗನವಾಡಿ ಬೀಗ ಯಾರು ತೆಗೀತಾರೆ? ಅವಳು ಪಕ್ಕದ ಮನೆ ಅಜ್ಜಿಯನ್ನು ಒಪ್ಪಿಸಿದ್ದಾಳೆ. ಬೆಳಿಗ್ಗೆ ಅಜ್ಜಿಯೇ ಬಿಟ್ಟು ಬರುತ್ತಾರೆ, ಮುಗಿದ ಮೇಲೆ ಅವರೇ ಕರೆದುಕೊಂಡು ಬಂದು ಸಂಜೆವರೆಗೂ ನೋಡಿಕೊಳ್ಳುತ್ತಾರೆ. ಇಡೀ ದಿನದ ಫೀಸಿಗಿಂತ ಇದು ಎಷ್ಟೋ ಕಡಿಮೆ. ಆದರೆ ಸಂಬಳ ಅಂತ ತಿಂಗಳು ತಿಂಗಳು ಸರಿಯಾಗಿ ಕೊಡಿ, ಸುಮ್ನೆ ಹಬ್ಬಕ್ಕೊಂದು ಸೀರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ಇದ್ಯಾವುದೂ ಆಗದಿದ್ದರೆ ಖಾಸಗಿ ಬೇಬಿ ಸಿಟ್ಟಿಂಗ್. ನೋಡಲು ಬೆಳಿಗ್ಗೆ ಹೋಗಬೇಡಿ, ಬೆಳಿಗ್ಗೆ ಎಲ್ಲಾ ಕಡೆಯೂ ಚೆನ್ನಾಗೇ ಇರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಹೇಳದೆ ಹೋಗಿ. ಗೋಡೆ ತುಂಬಾ ಗೊಂಬೆ ಬರೆಸಿದ್ದ ಒಂದು ಕಡೆ ಮಗನನ್ನು ಸೇರಿಸಿದ್ದೆ. ಮೂರನೇ ವಾರ ಒಂದು ದಿನ ಬೇಗ ಹೋದೆ. ಟಿವಿ ಓಡುತ್ತಿತ್ತು, ಹನ್ನೊಂದು ಮಕ್ಕಳಿಗೆ ಒಬ್ಬರೇ ಆಯಾ, ನನ್ನ ಮಗ ಬೆಳಿಗ್ಗೆ ಹಾಕಿ ಕಳಿಸಿದ್ದ ಶೂನಲ್ಲೇ ಚಾಪೆ ಮೇಲೆ ಮಲಗಿದ್ದ. ಬಿಚ್ಚಿದರೆ ಸಾಕ್ಸ್ ಒದ್ದೆ.

ಅದಕ್ಕೇ ಒಬ್ಬ ಆಯಾಗೆ ಎಷ್ಟು ಮಕ್ಕಳು, ಆಯಾ ರಜೆ ಹಾಕಿದ ದಿನ ಯಾರು ನೋಡಿಕೊಳ್ಳುತ್ತಾರೆ, ಜ್ವರ ಬಂದರೆ ಯಾವಾಗ ಫೋನ್ ಮಾಡುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಸಂಜೆ ಲೇಟಾದರೆ ಗಂಟೆಗೆ ಎಷ್ಟು ಅನ್ನುವುದನ್ನು ಬರೆಸಿಕೊಳ್ಳಿ, ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಲೇಟ್ ಆಗೇ ಆಗುತ್ತದೆ. ಮಗುವನ್ನು ಕರೆದುಕೊಂಡು ಹೋಗುವವರ ಹೆಸರು, ಫೋಟೋ ಕೊಟ್ಟಿಡಿ. ಮೊದಲ ಒಂದು ವಾರ ಎರಡೆರಡು ಗಂಟೆ ಮಾತ್ರ ಬಿಟ್ಟು ನೋಡಿ, ಅದಕ್ಕೂ ಪೂರ್ತಿ ತಿಂಗಳ ದುಡ್ಡು ಮೊದಲೇ ಕೊಡಿ ಅಂದರೆ ಬೇರೆ ಕಡೆ ನೋಡಿ.