ಪಿಕಪ್ಪಿಗೆ ಟೈರು, ಲೆವೆಲಿಂಗ್ ಕಿಟ್ಟು: ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿಯಿರಿ

ಒಂದೇ ಕೆಲಸಕ್ಕೆ ನಾನು ಎರಡು ಸಲ ದುಡ್ಡು ಕೊಟ್ಟಿದ್ದೇನೆ. ನೀವು ಒಂದು ಸಲ ಕೊಟ್ಟರೆ ಸಾಕು ಅಂತ ಇದನ್ನು ಬರೆಯುತ್ತಿದ್ದೇನೆ.

ಗಾಡಿ 2019ರ ಫೋರ್ಡ್ ಎಫ್-150, ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್. ಮನೆ ಕೊಲೊರಾಡೊದ ಅರೋರಾದಲ್ಲಿ. ಬೇಸಿಗೆಯಲ್ಲಿ 285ನೇ ಹೆದ್ದಾರಿ ಹಿಡಿದು, ಕೆನೋಶಾ ಪಾಸ್ ಹತ್ತಿಳಿದು, ಬ್ಯೂನಾ ವಿಸ್ಟಾ ಕಡೆಗೆ ಕ್ಯಾಂಪಿಂಗ್ ಟ್ರೇಲರ್ ಎಳೆಯುತ್ತೇನೆ. ಚಳಿಗಾಲದಲ್ಲಿ ಐ-70 ಹೆದ್ದಾರಿಯ ಹಿಮದಲ್ಲಿ ಓಡಾಟ. ಮಿಕ್ಕ ದಿನ ಆಫೀಸು, ತರಕಾರಿ, ಮಕ್ಕಳ ಈಜು ಕ್ಲಾಸು.

ಕೆಲವು ವರ್ಷದ ಹಿಂದೆ ಪಕ್ಕದ ಮನೆಯವರ ಗಾಡಿ ನೋಡಿ ಆಸೆ ಹತ್ತಿತು. ಗಾಡಿಯ ಮುಂಭಾಗ ಎತ್ತುವ ಎರಡೂವರೆ ಇಂಚಿನ ಲೆವೆಲಿಂಗ್ ಕಿಟ್ಟು, 33 ಇಂಚಿನ ದಪ್ಪ ಟೈರು, ಎರಡನ್ನೂ ಒಂದೇ ಶನಿವಾರ ಹಾಕಿಸಿದೆ. ಮನೆ ಮುಂದೆ ನಿಂತರೆ ಗಾಡಿ ಎದೆಯುಬ್ಬಿಸಿದ ಪೈಲ್ವಾನನ ಹಾಗೆ ಕಾಣುತ್ತಿತ್ತು. ಎರಡು ವಾರದ ಮೇಲೆ ಟ್ರೇಲರ್ ಕಟ್ಟಿ, ಸಾಮಾನು ತುಂಬಿ, ಅರಸೀಕೆರೆ ಹತ್ತಿರದ ನಮ್ಮೂರಲ್ಲಿರುವ ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ ಹೇಳಿದ್ದು ಒಂದೇ ಮಾತು: "ಏನ್ಲಾ ಇದು, ಮೂಕಿ ಎದ್ದೈತಲ್ಲೋ!"

ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು. ಹಿಂದೆ ಭಾರ ಜಾಸ್ತಿಯಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರ, ಮೇಲೇಳುತ್ತದೆ. ನೊಗ ಹೆಗಲು ಬಿಡುತ್ತದೆ, ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ನನ್ನ ಪಿಕಪ್ಪಿಗೂ ಆದದ್ದು ಅದೇ. ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಸ್ಟೀರಿಂಗ್ ಹಗುರವಾಯಿತು. ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ನೋಡತೊಡಗಿತು. ಆ ರಾತ್ರಿ 285ರಲ್ಲಿ ಎದುರು ಬಂದವರೆಲ್ಲ ಲೈಟು ಮಿಣುಕಿಸಿ ಬೈದುಕೊಂಡೇ ಹೋದರು.

ಖಾಲಿ ಪಿಕಪ್ಪಿನ ಹಿಂಭಾಗ ಎತ್ತರ ಯಾಕಿರುತ್ತದೆ ಗೊತ್ತಾ? ಬೆಡ್ಡಿನಲ್ಲಿ, ಅಂದರೆ ಹಿಂದಿನ ಸಾಮಾನು ತೊಟ್ಟಿಯಲ್ಲಿ, ಲೋಡು ಬಿದ್ದಾಗ ಅದು ಕುಸಿದು ಸಮಕ್ಕೆ ಬರಲಿ ಅಂತ. ಊರಲ್ಲಿ ತೆಂಗಿನಕಾಯಿ ಇಳಿಸಿ ಬರುವ ಟೆಂಪೋ ಬೆನ್ನೆತ್ತಿಕೊಂಡು ಓಡುವುದನ್ನು ನೋಡಿದ್ದೀರಲ್ವಾ, ಹಾಗೆಯೇ. ಲೆವೆಲಿಂಗ್ ಕಿಟ್ಟು ಮಾಡುವುದು ಇಷ್ಟೇ: ಮುಂಭಾಗವನ್ನು ಎತ್ತಿ, ಖಾಲಿ ಗಾಡಿ ಸಮವಾಗಿ ಕಾಣುವಂತೆ ಮಾಡುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದದ್ದು ಒಂದೇ. ನಿಮ್ಮ ಗಾಡಿ ಸಮವಾಗಿ ಇರಬೇಕಾದದ್ದು ಖಾಲಿ ಇದ್ದಾಗಲೋ, ತುಂಬಿದಾಗಲೋ?

ಉತ್ತರ ಟೇಪಿನಲ್ಲಿದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಟ್ಯಾಂಕು ಅರ್ಧಕ್ಕಿಂತ ಜಾಸ್ತಿ ಇರಲಿ. ಚಕ್ರದ ನಡುಭಾಗದ ನೇರಕ್ಕೆ, ನೆಲದಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಆಮೇಲೆ ನೀವು ನಿಜವಾಗಿ ಒಯ್ಯುವ ಲೋಡು ಹಾಕಿ. ಟ್ರೇಲರ್ ಇದ್ದರೆ ಕಟ್ಟಿ, ಮನೆಯವರನ್ನೂ ಕೂರಿಸಿ, ಮತ್ತೆ ಅಳೆಯಿರಿ. ನನ್ನ ಹೆಂಡತಿ "ರೀ, ನಮ್ಮನ್ನ ಅಕ್ಕಿ ಮೂಟೆ ಮಾಡ್ಬಿಟ್ರಿ" ಅಂದಳು. ಅನ್ನಲಿ, ಅಳೆಯಲೇಬೇಕು.

ಕಿಟ್ಟು ಹಾಕುವ ಮುಂಚಿನ ಎತ್ತರದಲ್ಲಿ ನನ್ನ ಗಾಡಿಯ ಲೆಕ್ಕ ಹೀಗಿದೆ. ಖಾಲಿ ಇದ್ದಾಗ ಮುಂದೆ 37 ಇಂಚು, ಹಿಂದೆ 39 ಕಾಲು. ಅಂದರೆ ಎರಡೂಕಾಲು ಇಂಚಿನ ವ್ಯತ್ಯಾಸ. ಟ್ರೇಲರ್ ಕಟ್ಟಿ ಎಲ್ಲರೂ ಹತ್ತಿದ ಮೇಲೆ ಹಿಂದೆ 37 ಅರೆಗೆ ಇಳಿಯಿತು, ಮುಂದೆ 37 ಕಾಲಿಗೆ ಏರಿತು. ಗಾಡಿ ತಾನಾಗಿಯೇ ಸಮ! ಅದರ ಮುಂಭಾಗಕ್ಕೆ ನಾನು ಎರಡೂವರೆ ಇಂಚು ಸೇರಿಸಿದ್ದೆ. ಮೂಕಿ ಏಳದೆ ಇನ್ನೇನಾಗುತ್ತದೆ?

ನೀವು ವಾರ ವಾರ ಭಾರ ಎಳೆಯುವವರಾದರೆ ಕಿಟ್ಟು ಬೇಡ ಅಂತಲೇ ಹೇಳುತ್ತೇನೆ. ಒಳ್ಳೆಯ ಟೈರು ಹಾಕಿಸಿ ಸುಮ್ನಿರಿ. ವರ್ಷದಲ್ಲಿ ಮುನ್ನೂರು ದಿನ ಖಾಲಿ ಓಡಿಸುವವರಾದರೆ ಒಂದು, ಒಂದೂವರೆ ಇಂಚು ಏರಿಸಿ, ಹಿಂದೆ ಸ್ವಲ್ಪ ಎತ್ತರ ಉಳಿಯಲಿ.

ಟೇಪು ಮಡಿಸಿಟ್ಟ ಮೇಲೆ ಡ್ರೈವರ್ ಬಾಗಿಲು ತೆಗೆಯಿರಿ. ಚೌಕಟ್ಟಿನ ಮೇಲೆ ಹಳದಿ ಬಣ್ಣದ ಒಂದು ಸ್ಟಿಕ್ಕರ್ ಇರುತ್ತದೆ. ಜನ, ಸಾಮಾನು ಸೇರಿ ಎಷ್ಟು ಪೌಂಡು ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ನನ್ನದರಲ್ಲಿ 1,580. ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರುತ್ತದೆ. ನನ್ನದು 4,000 ಪೌಂಡಿನ ಟ್ರೇಲರು. ಅಲ್ಲಿಗೆ 400ರಿಂದ 600 ಹೋಯಿತು. ನಾವು ನಾಲ್ಕು ಜನ, ಐಸ್ ಪೆಟ್ಟಿಗೆ, ಸೌದೆ, ಸೈಕಲ್ಲು ಲೆಕ್ಕ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೇ. ದೊಡ್ಡ ಟೈರು ಹಾಕಿದ ಮಾತ್ರಕ್ಕೆ ಈ ಅಂಕಿ ಏರುವುದಿಲ್ಲ. ಟೈರಿನ ಹೆಚ್ಚುವರಿ ತೂಕವೂ ಇದರಲ್ಲೇ ಕಳೆಯಬೇಕು.

ಅದೇ ಚೌಕಟ್ಟಿನಲ್ಲಿ ಟೈರಿನ ಅಳತೆಯೂ ಇದೆ. ನನ್ನದು 275/65ಆರ್18. ಟೈರಿನ ಅಗಲ 275 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 65, ರಿಮ್ಮು 18 ಇಂಚು. ಗುಣಿಸಿ ಕೂಡಿದರೆ ಒಟ್ಟು ಎತ್ತರ 32 ಇಂಚು. ನಾನು ಆಸೆಪಟ್ಟು ಹಾಕಿಸಿದ್ದು 275/70ಆರ್18, ಅದು 33 ಇಂಚು. ಒಂದು ಇಂಚಲ್ವಾ ಅನಿಸುತ್ತದೆ. ಆದರೆ ಟೈರು ಬೆಳೆದರೆ ಮೀಟರು ಸುಳ್ಳು ಹೇಳುತ್ತದೆ. ಮೀಟರಿನಲ್ಲಿ 75 ಮೈಲಿ ತೋರಿಸುವಾಗ ಗಾಡಿ ಓಡುವುದು 77 ಅರೆಯಲ್ಲಿ. ಫೋರ್ಡ್ ಗಾಡಿಗೆ ಫೋರ್‌ಸ್ಕ್ಯಾನ್ ಅನ್ನುವ ತಂತ್ರಾಂಶದಿಂದ ಲ್ಯಾಪ್‌ಟಾಪ್ ಜೋಡಿಸಿ ಇದನ್ನು ಸರಿಮಾಡಬಹುದು. ಇನ್ನೊಂದು ಮಾತು. ಟೈರು ದೊಡ್ಡದಾದರೆ ಹಿಂದೆ ಮುಂದೆ ಎರಡೂ ಒಂದೇ ಸಮ ಏರುತ್ತವೆ, ವ್ಯತ್ಯಾಸ ಹಾಗೇ ಇರುತ್ತದೆ. "33 ಹಾಕಿದರೆ ಲೆವೆಲ್ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ.

ನಾನು ಮಾಡಿದ ಎರಡನೇ ತಪ್ಪು ಎಲ್‌ಟಿ ಟೈರು. ಎಲ್‌ಟಿ ಅಂದರೆ ಲೈಟ್ ಟ್ರಕ್. ಅದರಲ್ಲೂ ಇ ದರ್ಜೆಯದು ಹಾಕಿಸಿದೆ. ಅದರ ಗೋಡೆ ಗಟ್ಟಿ, 80 ಪಿಎಸ್‌ಐ ತನಕ ಗಾಳಿ ತಡೆಯುತ್ತದೆ, ಚೂಪು ಕಲ್ಲಿಗೆ ಬಗ್ಗುವುದಿಲ್ಲ. ಆದರೆ ಕಾರಿನ ದರ್ಜೆಯ ಟೈರು 35 ಪಿಎಸ್‌ಐನಲ್ಲಿ ಹೊರುವ ಭಾರವನ್ನು ಎಲ್‌ಟಿ ಅದೇ ಗಾಳಿಯಲ್ಲಿ ಹೊರುವುದಿಲ್ಲ, ಜಾಸ್ತಿ ಗಾಳಿ ಬೇಕು. ಎಷ್ಟು ಅನ್ನುವುದನ್ನು ಟೈರು ಕಂಪನಿಯ ಪಟ್ಟಿಯಲ್ಲಿ ನೋಡಬೇಕು. ಜಾಸ್ತಿ ಗಾಳಿ ತುಂಬಿದ ಮೇಲೆ ಖಾಲಿ ಗಾಡಿ ಪ್ರತಿ ಗುಂಡಿಗೂ ಕುಪ್ಪಳಿಸುತ್ತದೆ.

ತೂಕದ ಕಥೆ ಇನ್ನೊಂದು. ಹಳೆಯ ಟೈರು ಗ್ಯಾರೇಜಿನಲ್ಲೇ ಇತ್ತು. ಎಲ್‌ಟಿ ಬಿಚ್ಚಿಸಿದ ದಿನ ಬಚ್ಚಲುಮನೆಯ ತೂಕದ ಮಿಷನ್ನು ತಂದು ಎರಡನ್ನೂ ಇಟ್ಟು ನೋಡಿದೆ. ಹಳೆಯದು 40 ಪೌಂಡಿನ ಆಸುಪಾಸು, ಎಲ್‌ಟಿ 56. ಚಕ್ರಕ್ಕೆ 16 ಪೌಂಡು, ಅದೂ ತಿರುಗುವ ಅಂಚಿನಲ್ಲಿ. ಗ್ಯಾಲನ್ನಿಗೆ 20 ಮೈಲಿ ಕೊಡುತ್ತಿದ್ದ ಗಾಡಿ 17 ಅರೆಗೆ ಬಂದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಹಾಗಂತ ಎಲ್‌ಟಿ ಕೆಟ್ಟದ್ದಲ್ಲ. ಕಲ್ಲು ರಸ್ತೆಯಲ್ಲೇ ಬದುಕುವವರು, ಬೆಡ್ಡು ತುಂಬ ಕಬ್ಬಿಣ ಹೇರುವವರು ಅದನ್ನೇ ಹಾಕಬೇಕು. ಎಫ್-250ಯಂಥ ದೊಡ್ಡ ಗಾಡಿ ಎಲ್‌ಟಿಯ ಜೊತೆಗೇ ಬಂದಿದ್ದರೆ ಕಾರಿನ ದರ್ಜೆಗೆ ಇಳಿಯಲೇಬೇಡಿ. ಟೈರಿನ ಮೇಲಿನ ಭಾರದ ಅಂಕಿ ಮೂಲ ಟೈರಿನದಕ್ಕಿಂತ ಕಮ್ಮಿ ಇರಕೂಡದು. 116 ಅಂತಿದ್ದರೆ ಒಂದು ಟೈರು 1,250 ಕಿಲೋ ಹೊರುತ್ತದೆ ಅಂತ.

ಬಟನ್ನಿನ, ಅಂದರೆ ರಸ್ತೆಗೆ ತಾಗುವ ಟೈರಿನ ಗಟ್ಟೆಗಳ, ವಿಷಯ ಬೇಗ ಮುಗಿಸುತ್ತೇನೆ. ಬರೀ ಹೆದ್ದಾರಿಯಾದರೆ ಹೈವೇ ಟೈರು. ಮಿಶೆಲಿನ್ ಡಿಫೆಂಡರ್ ಎಲ್‌ಟಿಎಕ್ಸ್ ಥರದ್ದು ಸದ್ದಿಲ್ಲದೆ ಓಡುತ್ತದೆ. ಕೆಸರಿನ ಮಡ್ ಟೆರೇನ್ ಟೈರು ನಮ್ಮಂಥವರಿಗೆ ಬೇಡ. ಹಿಮ ಮೆತ್ತಿ ಗಟ್ಟಿಯಾದ ರಸ್ತೆಯಲ್ಲಿ ಅದು ಜಾರುತ್ತದೆ, ಜೊತೆಗೆ ಹಿಟ್ಟಿನ ಗಿರಣಿಯ ಸದ್ದು. ನಡುವಿನದು ಆಲ್ ಟೆರೇನ್. ಇಲ್ಲಿ ಚಳಿಗಾಲವಿದೆ ಅಂದರೆ ಟೈರಿನ ಗೋಡೆ ಮೇಲೆ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಹಿಮದಲ್ಲಿ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ ಎಂ ಪ್ಲಸ್ ಎಸ್ (ಕೆಸರು, ಹಿಮ) ಅಂತ ಬರೆದಿದ್ದರೆ ಅದಕ್ಕೆ ಆ ಪರೀಕ್ಷೆ ಬೇಕಿಲ್ಲ.

ಐ-70ರಲ್ಲಿ ಮಾರಿಸನ್‌ನಿಂದ ಡಾಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಕೊಲೊರಾಡೊದ ಟ್ರ್ಯಾಕ್ಷನ್ (ರಸ್ತೆ ಹಿಡಿತದ) ಕಾನೂನು ಇರುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೂ ಬಟನ್ನು ಒಂದು ಇಂಚಿನ ಹದಿನಾರನೇ ಮೂರು ಭಾಗ ಉಳಿದಿರಬೇಕು. ಅಳೆಯುವ ಕಡ್ಡಿ ಮೂರು ನಾಲ್ಕು ಡಾಲರಿಗೆ ಸಿಗುತ್ತದೆ. ಕೊಳ್ಳುವಾಗ ಟೈರಿನ ಗೋಡೆ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಹಳೇ ಮಾಲಿಗೆ ಹೊಸ ರೇಟು ಕೊಡಬೇಡಿ.

ಕಡೆಗೆ ನಾನು ಹಾಕಿಸಿದ್ದು ಮೂಲ ಅಳತೆಯದೇ, 275/65ಆರ್18, ಭಾರದ ಅಂಕಿ 116, ಬೆಟ್ಟದ ಗುರುತಿರುವ ಫಾಲ್ಕನ್ ವೈಲ್ಡ್‌ಪೀಕ್ ಆಲ್ ಟೆರೇನ್. ನೋಡಲು ಅಷ್ಟೇನೂ ಪೈಲ್ವಾನ್ ಅಲ್ಲ. ನಡೆಯುತ್ತದೆ.

ಇನ್ನು ಕಿಟ್ಟು. ಅಗ್ಗದ್ದು ಸ್ಪೇಸರ್. ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಸೇರಿದ ಕಂಬ) ತಲೆಯ ಮೇಲೆ ಕೂರುವ ಲೋಹದ ಬಿಲ್ಲೆ. ಎರಡು ಇಂಚಿನ ಕಿಟ್ಟಿನ ಡಬ್ಬಿ ತೆಗೆದರೆ ಬಿಲ್ಲೆ ಒಂದೇ ಇಂಚು ದಪ್ಪ ಇರುತ್ತದೆ, ಮೋಸವಾಯಿತು ಅನ್ನಬೇಡಿ. ಬಾಗಿಲನ್ನು ನಡುವೆ ಹಿಡಿದು ಒಂದು ಗೇಣು ತಳ್ಳಿ, ಅದರ ಅಂಚು ಎರಡು ಗೇಣು ಹೋಗುತ್ತದೆ. ಸ್ಟ್ರಟ್ಟು ಕೂಡ ಚಕ್ರ ಹಿಡಿದಿರುವ ಕೆಳತೋಳಿನ ಹೆಚ್ಚುಕಮ್ಮಿ ನಡುವೆ ಕೂತಿದೆ, ಚಕ್ರ ತುದಿಯಲ್ಲಿದೆ.

ಸ್ಪೇಸರಿನ ತೊಂದರೆ ಕಾಣುವುದು ಚಕ್ರ ಜೋತುಬಿದ್ದಾಗ. ಬಿಲ್ಲೆ ಇಟ್ಟರೆ ಸ್ಟ್ರಟ್ಟು ಉದ್ದವಾದಂತೆ, ಚಕ್ರ ಮೊದಲಿಗಿಂತ ಕೆಳಕ್ಕೆ ಇಳಿಯುತ್ತದೆ. ಆಗ ಮೇಲಿನ ಬಾಲ್ ಜಾಯಿಂಟು (ಚಕ್ರ ತಿರುಗಲು ಬಿಡುವ ಗುಂಡು ಕೀಲು), ಮುಂದಿನ ಚಕ್ರಕ್ಕೆ ಹೋಗುವ ಆಕ್ಸೆಲ್ಲು ತಮಗೆ ಅಭ್ಯಾಸವಿಲ್ಲದ ಕೋನಕ್ಕೆ ಬಗ್ಗುತ್ತವೆ. ಎಂಟು ತಿಂಗಳ ಮೇಲೆ ಒಂದು ದಿನ ಕಾರು ತೊಳೆಯುವಾಗ ನೋಡಿದೆ. ಎಡಗಡೆ ರಿಮ್ಮಿನ ಒಳಮೈಗೆ ಕಪ್ಪು ಗ್ರೀಸು ಚಿಮ್ಮಿ, ಮೇಲೆ ಧೂಳು ಕೂತು ಹಪ್ಪಳದ ಹಾಗೆ ಒಣಗಿತ್ತು. ಆಕ್ಸೆಲ್ಲಿನ ರಬ್ಬರ್ ಬೂಟು, ಅಂದರೆ ಗ್ರೀಸು ಹಿಡಿದಿಡುವ ಕವಚ, ಮಡಿಕೆಯಲ್ಲಿ ಸೀಳಿತ್ತು. ಎರಡೂವರೆ ಇಂಚಿಗೆ ಕಟ್ಟಿದ ಬಡ್ಡಿ ಅದು.

ಇನ್ನೊಂದು ದಾರಿ ಎತ್ತರ ಹೊಂದಿಸಬಹುದಾದ ಶಾಕ್ ಅಬ್ಸಾರ್ಬರ್. ಬಿಲ್‌ಸ್ಟೀನ್ 5100 ಅಂಥದ್ದು. ಅದರ ಮೈಮೇಲೆ ಗೀರುಗಳಿರುತ್ತವೆ. ಸ್ಪ್ರಿಂಗು ಕೂರುವ ಬಳೆಯನ್ನು ಯಾವ ಗೀರಿಗೆ ಕೂರಿಸುತ್ತೀರೋ ಅಷ್ಟು ಎತ್ತರ. ಇದರಲ್ಲಿ ಚಕ್ರ ಜೋತುಬೀಳುವ ಮಿತಿ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತದೆ, ಆಕ್ಸೆಲ್ಲಿಗೆ ಅಷ್ಟು ಹಿಂಸೆಯಿಲ್ಲ. ಆದರೆ ಪೂರ್ತಿ ಮೇಲಿನ ಗೀರಿಗೆ ಏರಿಸಿದರೆ ಚಕ್ರ ಕೆಳಗೆ ಇಳಿಯಲು ಜಾಗ ಉಳಿಯದೆ, ಹಂಪು ದಾಟಿದಾಗ ಟಕ್ ಅನ್ನುತ್ತದೆ. ನಾನು ನಡುವಿನ ಗೀರಿನಲ್ಲಿ ನಿಲ್ಲಿಸಿದೆ. ಮುಂಭಾಗ ಒಂದೂಕಾಲು ಇಂಚು ಏರಿತು. ಟ್ರೇಲರಿಗೆ ಭಾರ ಹಂಚುವ ಕೊಂಡಿಯನ್ನೂ ಕೊಂಡೆ. ಅದು ಹಿಂದಿನ ಹೊರೆಯಲ್ಲಿ ಸ್ವಲ್ಪವನ್ನು ಮುಂದಿನ ಚಕ್ರಕ್ಕೆ ತಳ್ಳುತ್ತದೆ. ಈಗ ತುಂಬಿದ ಗಾಡಿಯಲ್ಲಿ ಹಿಂದೆ ಮುಂದೆ ಅರ್ಧ ಇಂಚಿನೊಳಗಿನ ವ್ಯತ್ಯಾಸ.

ಸ್ಪೇಸರನ್ನು ಕೈಪಳಗಿದವರು ಮನೆಯಲ್ಲೇ ಹಾಕಿಕೊಳ್ಳಬಹುದು. ಆದರೆ ಶಾಕ್ ಬದಲಿಸಲು ಸ್ಪ್ರಿಂಗನ್ನು ಅದುಮಿ ಹಿಡಿಯಬೇಕು. ಆ ಸ್ಪ್ರಿಂಗು ಜಾರಿದರೆ ಕೈ ಉಳಿಯುವುದಿಲ್ಲ. ಅದನ್ನು ಅಂಗಡಿಯವರಿಗೇ ಬಿಡಿ.

ಯಾವ ದಾರಿ ಹಿಡಿದರೂ ವೀಲ್ ಅಲೈನ್‌ಮೆಂಟ್ ಅದೇ ವಾರ ಆಗಲೇಬೇಕು, ಇಲ್ಲವಾದರೆ ಹೊಸ ಟೈರಿನ ಒಂದು ಅಂಚು ಬೋಳಾಗುತ್ತದೆ. ಗಾಜಿನ ಹಿಂದೆ ಲೇನು ನೋಡುವ ಕ್ಯಾಮೆರಾ ಇದ್ದರೆ ಅದನ್ನೂ ಹೊಂದಿಸಬೇಕಾ ಅಂತ ಕೇಳಿ. ಹೆಡ್‌ಲೈಟಿಗೆ ನನ್ನ ಉಪಾಯ ಇದು: ಕಿಟ್ಟು ಹಾಕುವ ಮುಂಚೆ ಗ್ಯಾರೇಜ್ ಬಾಗಿಲಿನಿಂದ 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ಬೆಳಕಿನ ಮೇಲಂಚಿಗೆ ಟೇಪು ಅಂಟಿಸಿ. ಹಾಕಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಬೆಳಕು ಟೇಪಿಗೆ ಇಳಿಯುವ ತನಕ ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ.

ವೀಲ್ ನಟ್ಟನ್ನು ಈ ಗಾಡಿಗೆ 150 ಪೌಂಡ್-ಅಡಿಗೆ ಬಿಗಿಯಬೇಕು. 100 ಮೈಲಿ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಇನ್ನೊಮ್ಮೆ ನೋಡಿ. ನನಗೆ ಎರಡು ನಟ್ಟು ಕಾಲು ಸುತ್ತು ತಿರುಗಿದವು.

ಕೊನೆಗೆ ಸ್ಟೆಪ್ನಿ. ಎಲ್ಲರೂ ಮರೆಯುವುದು ಇದನ್ನೇ. 33ರ ಟೈರಿದ್ದಾಗ ಫೇರ್‌ಪ್ಲೇ ಊರಿನ ಹತ್ತಿರ ಟೈರಿಗೊಂದು ಮೊಳೆ ಚುಚ್ಚಿತು. ಬೆಡ್ಡಿನ ಕೆಳಗೆ ತೂಗುತ್ತಿದ್ದ ಸ್ಟೆಪ್ನಿ 32ರದ್ದು. ಅಳತೆ ಬೇರೆಯಾದ ಟೈರಿನಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೆ ಗೇರುಗಳು ಒಂದನ್ನೊಂದು ಎಳೆದಾಡುತ್ತವೆ. ಹಿಮ ಬೀಳುತ್ತಿದ್ದರೂ ಟೂ ವೀಲಿನಲ್ಲೇ, ಎಮ್ಮೆ ನಡಿಗೆಯಲ್ಲಿ ಊರು ಸೇರಿದೆ. ಈಗ ಐದೂ ಒಂದೇ ಅಳತೆ. ನಿಮ್ಮ ಸ್ಟೆಪ್ನಿಯನ್ನೂ ಒಮ್ಮೆ ಕೆಳಗಿಳಿಸಿ ನೋಡಿ. ಇಳಿಸುವ ರಾಟೆ ತುಕ್ಕು ಹಿಡಿದಿದ್ದರೆ ಅದು ಗೊತ್ತಾಗುವುದು ಮನೆ ಮುಂದೆಯೇ ಆಗಲಿ.